ಟಿಬಿ ಲೆಕ್ಕ: ಶೇ 86 ಕೂಡ ನಿಜ, ಶೇ 39 ಕೂಡ ನಿಜ

2013ರಲ್ಲಿ ಭಾರತದ ಸರ್ಕಾರಿ ಟಿಬಿ ಕಾರ್ಯಕ್ರಮದಲ್ಲಿ ಹೆಸರು ಬರೆಸಿದವರ ಪೈಕಿ ಶೇ 86ರಷ್ಟು ಜನ ಚಿಕಿತ್ಸೆ ಮುಗಿಸಿದರು. ಅದೇ ವರ್ಷ ದೇಶದಲ್ಲಿ ಟಿಬಿ ಇದ್ದವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ, ಈ ಕಾರ್ಯಕ್ರಮದಲ್ಲಿ ಚಿಕಿತ್ಸೆ ಮುಗಿಸಿ, ಆಮೇಲೆ ಒಂದು ವರ್ಷ ರೋಗ ಮರುಕಳಿಸದೆ ಬದುಕಿದ್ದವರು ಶೇ 39 ಮಾತ್ರ.

ಎರಡೂ ಅಂಕಿ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಆದರೆ ಸಭೆಯಲ್ಲಿ, ವರದಿಯ ಮೊದಲ ಪುಟದಲ್ಲಿ, ಪ್ರಶಸ್ತಿ ಕೊಡುವಾಗ ನಮಗೆ ಕಾಣಿಸುವುದು ಮೊದಲನೆಯದರ ಜಾತಿಯ ಅಂಕಿ. ಎರಡನೆಯದನ್ನು ಹುಡುಕಿಕೊಂಡು ಹೋಗಬೇಕು.

ಆ ಶೇ 39 ಎಲ್ಲಿಂದ ಬಂತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ರಾಮ್‌ನಾಥ್ ಸುಬ್ಬರಾಮನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಆ ವರ್ಷ ದೇಶದಲ್ಲಿ ಟಿಬಿ ಇದ್ದವರು ಸುಮಾರು 27 ಲಕ್ಷ ಎಂಬ ಅಂದಾಜಿನಿಂದ ಅವರು ಶುರು ಮಾಡಿದರು. ಅವರಲ್ಲಿ ಸರ್ಕಾರಿ ಟಿಬಿ ಪರೀಕ್ಷೆಯ ಜಾಗಕ್ಕೆ ಬಂದವರು ಸುಮಾರು 19.4 ಲಕ್ಷ. ಬಂದರೂ ಎಲ್ಲರಿಗೂ ರೋಗ ಪತ್ತೆಯಾಗಲಿಲ್ಲ. ಪತ್ತೆಯಾದದ್ದು 16.3 ಲಕ್ಷ ಜನರಿಗೆ. ಪತ್ತೆಯಾದವರೆಲ್ಲರೂ ಚಿಕಿತ್ಸೆಗೆ ಹೆಸರು ಬರೆಸಲಿಲ್ಲ. ಬರೆಸಿದವರು 14.2 ಲಕ್ಷ. ಮುಗಿಸಿದವರು 12.2 ಲಕ್ಷ. ವರ್ಷದ ನಂತರವೂ ಚೆನ್ನಾಗಿದ್ದವರು 10.5 ಲಕ್ಷ.

ಈಗ ಆ ಶೇ 86 ಎಲ್ಲಿ ಹುಟ್ಟಿತು ಅಂತ ಗೊತ್ತಾಯಿತಲ್ವಾ? 14.2 ಲಕ್ಷದಿಂದ 12.2 ಲಕ್ಷಕ್ಕೆ ಇಳಿದ ಒಂದೇ ಒಂದು ಮೆಟ್ಟಿಲಲ್ಲಿ. ಅದಕ್ಕೆ ಮೊದಲೇ 12 ಲಕ್ಷಕ್ಕೂ ಜಾಸ್ತಿ ಜನ ಜಾರಿಹೋಗಿದ್ದರು. ಅವರ ಹೆಸರು ಸರ್ಕಾರಿ ಚಿಕಿತ್ಸೆಯ ರಿಜಿಸ್ಟರಿನಲ್ಲೇ ಇಲ್ಲ. ಹೆಸರೇ ಇಲ್ಲದವರು ಯಾವ ಶೇಕಡಾವಾರನ್ನೂ ಕೆಡಿಸುವುದಿಲ್ಲ. ಸರ್ಕಾರಿ ಬಾಗಿಲಿಗೆ ಬಾರದವರಲ್ಲಿ ಒಂದಷ್ಟು ಜನ ಖಾಸಗಿ ವೈದ್ಯರ ಬಳಿ ಔಷಧಿ ತೆಗೆದುಕೊಳ್ಳುತ್ತಿದ್ದರು, ಅದನ್ನೂ ಹೇಳಬೇಕು. ಆದರೆ ಪತ್ತೆಯಾಗಿಯೂ ಚಿಕಿತ್ಸೆಗೆ ಹೆಸರು ಬರೆಸದ ಆ 2 ಲಕ್ಷ ಜನರನ್ನು ನೋಡಿ. ಅವರಲ್ಲಿ ಹಲವರು ಕಫ ಕೊಟ್ಟಿದ್ದಾರೆ. ಲ್ಯಾಬಿನಲ್ಲಿ ಪಾಸಿಟಿವ್ ಅಂತ ಬರೆದಾಗಿದೆ. ಅಲ್ಲಿಂದ ಮಾತ್ರೆಯ ಡಬ್ಬಿಯವರೆಗಿನ ಒಂದೆರಡು ಕಿಲೋಮೀಟರಿನಲ್ಲಿ ಎಲ್ಲೋ ಕಳೆದುಹೋಗಿದ್ದಾರೆ.

ಟಿಬಿ ಕಾರ್ಯಕ್ರಮದ ಕೆಲಸ ಅಳೆಯುವಾಗ ನನಗೆ ಮೊದಲು ಕೇಳಬೇಕೆನಿಸುವ ಪ್ರಶ್ನೆ ಇದೇ: ಎಷ್ಟು ಜನರಲ್ಲಿ? ಶೇಕಡಾ ಎಷ್ಟು ಎಂಬುದು ಆಮೇಲಿನ ಮಾತು.

ಈ ಪ್ರಶ್ನೆಯನ್ನು ನಮ್ಮ ಊರುಗಳಲ್ಲೇ, ಅರವತ್ತು ವರ್ಷಗಳ ಹಿಂದೆ, ತುಂಬ ಗಟ್ಟಿಯಾಗಿ ಕೇಳಲಾಗಿತ್ತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಶುರುವಾದದ್ದು. 1962ರ ರಾಷ್ಟ್ರೀಯ ಟಿಬಿ ಕಾರ್ಯಕ್ರಮದ ನಕ್ಷೆ ತಯಾರಾದದ್ದು ಇಲ್ಲೇ. ಆ ನಕ್ಷೆಗೆ ಮೊದಲು ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಕ್ಷಯ ಇದ್ದವರನ್ನು ಹುಡುಕಿದರು. ಆಸ್ಪತ್ರೆಯ ರಿಜಿಸ್ಟರಿನಿಂದ ಶುರು ಮಾಡಲಿಲ್ಲ, ಹಳ್ಳಿಯಿಂದ ಶುರು ಮಾಡಿದರು. ಆಮೇಲೆ ಸಂಶೋಧಕರಾದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ರೋಗಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ನಿಮಗೇನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಅಂತ.

ಹಳ್ಳಿ ಜನ ತಮ್ಮ ರೋಗವನ್ನು ಲಕ್ಷ್ಯಕ್ಕೇ ತೆಗೆದುಕೊಳ್ಳುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಬೇರೆಯದೇ ಹೇಳಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಹತ್ತಿರ ಹತ್ತಿರ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಜನ ಆಗಲೇ ಆಸ್ಪತ್ರೆಗೋ ಡಿಸ್ಪೆನ್ಸರಿಗೋ ಹೋಗಿ ಬಂದಿದ್ದರು. ಅಲ್ಲಿ ಬಹಳ ಜನರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಅಂದರೆ ರೋಗಿ ಬಂದಿದ್ದ. ಅವನನ್ನು ವಾಪಸ್ ಕಳಿಸಿದ್ದು ವ್ಯವಸ್ಥೆ. ರಿಜಿಸ್ಟರ್ ನೋಡಿಕೊಂಡು ಕೂತಿದ್ದರೆ ಈ ಸತ್ಯ ಎಂದಿಗೂ ಸಿಗುತ್ತಿರಲಿಲ್ಲ. ಈಗಿನ ಕಾರ್ಯಕ್ರಮಕ್ಕೂ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ ಎಂದು ನಾನು ನಂಬುತ್ತೇನೆ: ಕೆಮ್ಮಿಕೊಂಡು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಬಂದವರಲ್ಲಿ ಎಷ್ಟು ಜನರ ಕಫ ಪರೀಕ್ಷೆ ಆಯಿತು, ಎಷ್ಟು ಜನ ಸಿರಪ್ ಹಿಡಿದುಕೊಂಡು ಮನೆಗೆ ಹೋದರು?

ಅದೇ ಸಂಸ್ಥೆ 1961ರಿಂದ 1968ರವರೆಗೆ ಇನ್ನೊಂದು ಕೆಲಸ ಮಾಡಿತು. ನೆಲಮಂಗಲ, ದೇವನಹಳ್ಳಿ, ಚನ್ನಪಟ್ಟಣ ತಾಲ್ಲೂಕುಗಳ 119 ಹಳ್ಳಿಗಳಿಗೆ ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಸಲ ಹೋಗಿ ಬಂದರು. ಟಿಬಿ ಕಾರ್ಯಕ್ರಮ ಅಲ್ಲಿಗಿನ್ನೂ ಕಾಲಿಟ್ಟಿರಲಿಲ್ಲ. ಮೊದಲ ಸಲ ಕಂಡ ರೋಗಿಗಳಲ್ಲಿ ಐದು ವರ್ಷಗಳಲ್ಲಿ ಶೇ 49ರಷ್ಟು ಜನ ಸತ್ತಿದ್ದರು. ಶೇ 33ರಷ್ಟು ಜನರ ಕಫದಲ್ಲಿ ರೋಗಾಣು ತಾನಾಗಿಯೇ ಇಲ್ಲವಾಗಿತ್ತು. ಉಳಿದ ಶೇ 18ರಷ್ಟು ಜನ ಇನ್ನೂ ರೋಗಾಣು ಕೆಮ್ಮುತ್ತಲೇ ಇದ್ದರು.

ಕಾರ್ಯಕ್ರಮ ಅಳೆಯುವವರಿಗೆ ಈ ಮೂರು ಅಂಕಿಗಳಲ್ಲಿ ಒಂದು ಕಠಿಣ ಪಾಠ ಇದೆ. ಏನೂ ಮಾಡದೆ ಇದ್ದರೂ ಮೂರರಲ್ಲಿ ಒಬ್ಬರು ವಾಸಿಯಾಗುತ್ತಾರೆ. ಹಾಗಾಗಿ ಶೇ 33ರಷ್ಟು ವಾಸಿ ಎಂದರೆ ಸಾಧನೆ ಸೊನ್ನೆ. ಇನ್ನೂ ಮುಖ್ಯವಾದದ್ದು ಇನ್ನೊಂದಿದೆ. ಅರೆಬರೆ ಔಷಧಿ ಕೊಡುವ ಕಾರ್ಯಕ್ರಮ ಸಾವನ್ನು ತಡೆಯಬಹುದು, ಆದರೆ ರೋಗವನ್ನು ಪೂರ್ತಿ ಕಳೆಯದೆ ಬಿಡಬಹುದು. ಸತ್ತುಹೋಗುತ್ತಿದ್ದವರು ಬದುಕುತ್ತಾರೆ, ಆದರೆ ಮನೆಯವರಿಗೆ ಸೋಂಕು ಹಚ್ಚುತ್ತಾ ಬದುಕುತ್ತಾರೆ. ಸಾವನ್ನಷ್ಟೇ ಎಣಿಸಿದರೆ ಇಂಥ ಕಾರ್ಯಕ್ರಮ ಚೆನ್ನಾಗಿಯೇ ಕಾಣುತ್ತದೆ. ಇದೇ ಭಯದಿಂದ ಮೊದಲು ವಾಸಿ ಮಾಡುವುದನ್ನು ಗಟ್ಟಿ ಮಾಡಿಕೊಳ್ಳಿ, ಆಮೇಲೆ ಪತ್ತೆ ಹೆಚ್ಚಿಸಿ ಎಂಬ ನಿಲುವು ಬಂತು.

1991ರಲ್ಲಿ ವಿಶ್ವ ಆರೋಗ್ಯ ಸಭೆ ಎರಡು ಗುರಿ ಇಟ್ಟಿತು: ಕಫದಲ್ಲಿ ರೋಗಾಣು ಕಾಣುವ ರೋಗಿಗಳಲ್ಲಿ ಶೇ 70ರಷ್ಟು ಪತ್ತೆ, ಪತ್ತೆಯಾದವರಲ್ಲಿ ಶೇ 85ರಷ್ಟು ವಾಸಿ. ಹಳೆಯ ಟಿಬಿ ಕಾರ್ಯಕ್ರಮವನ್ನು ತಿದ್ದಿ ಮಾಡಿದ ಭಾರತದ ಪರಿಷ್ಕೃತ ಕಾರ್ಯಕ್ರಮ 2006ರ ಮಾರ್ಚ್ ಹೊತ್ತಿಗೆ ಇಡೀ ದೇಶಕ್ಕೆ ಹರಡಿತು. 2007ರಲ್ಲಿ ಎರಡೂ ಗುರಿ ಮುಟ್ಟಿತು.

ಶೇ 85 ಎಣಿಸಲು ಸುಲಭ. ಮೂರು ತಿಂಗಳಿಗೊಂದು ಗುಂಪು ಮಾಡಿ, ಗುಂಪಿನ ಒಬ್ಬೊಬ್ಬರೂ ಕೊನೆಗೆ ಏನಾದರು ಅಂತ ಬರೆಯುವುದು: ವಾಸಿಯಾದರು, ಮುಗಿಸಿದರು, ತೀರಿಕೊಂಡರು, ಮಧ್ಯದಲ್ಲಿ ಬಿಟ್ಟರು. ಇದು ಟಿಬಿ ಕಾರ್ಯಕ್ರಮ ಸಾರ್ವಜನಿಕ ಆರೋಗ್ಯಕ್ಕೆ ಕೊಟ್ಟ ಒಳ್ಳೆಯ ಪದ್ಧತಿ. ಬಿಪಿ, ಸಕ್ಕರೆ ಕಾಯಿಲೆಯವರಿಗೂ ಇಂಥ ಲೆಕ್ಕ ಇದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ. ಕಷ್ಟ ಇರುವುದು ಶೇ 70ರಲ್ಲಿ. ಯಾವುದರ ಶೇ 70? ಊರಲ್ಲಿ ಒಟ್ಟು ಎಷ್ಟು ರೋಗಿಗಳಿದ್ದಾರೆ ಅಂತ ಯಾರೂ ಎಣಿಸಿರಲಿಲ್ಲ. ಕರೆಲ್ ಸ್ಟಿಬ್ಲೊ ಎಂಬ ತಜ್ಞ ಕೊಟ್ಟ ಒಂದು ಸೂತ್ರ ಇತ್ತು: ವರ್ಷಕ್ಕೆ ನೂರರಲ್ಲಿ ಒಂದು ಮಗುವಿಗೆ ಸೋಂಕು ತಗಲುತ್ತಿದ್ದರೆ, ಲಕ್ಷ ಜನರಲ್ಲಿ ವರ್ಷಕ್ಕೆ 50 ಹೊಸ ಕಫ ಪಾಸಿಟಿವ್ ರೋಗಿಗಳು. ಭಾರತದಲ್ಲಿ ಸೋಂಕು ಶೇ 1.5 ಎಂದು ಹಿಡಿದು ಲಕ್ಷಕ್ಕೆ 75 ಎಂದು ಗುಣಿಸಿದರು. ಆ 75ರ ಶೇ 70 ಮುಟ್ಟಿದಾಗ ಗುರಿ ಮುಟ್ಟಿತು ಎಂದರು.

ಆಮೇಲೆ 2014ರ ಔಷಧಿ ಮಾರಾಟದ ಲೆಕ್ಕ ಹೊರಬಿತ್ತು. ಆ ಒಂದು ವರ್ಷದಲ್ಲಿ ಖಾಸಗಿಯಾಗಿ ಮಾರಾಟವಾದ ಟಿಬಿ ಔಷಧಿ ಸರ್ಕಾರ ಕೊಟ್ಟದ್ದರ ಎರಡರಷ್ಟಿತ್ತು. ಅದನ್ನೆಲ್ಲ ನುಂಗಿದವರಿಗೆಲ್ಲ ಟಿಬಿಯೇ ಇತ್ತು ಎನ್ನಲಾಗದು. ಎಷ್ಟೋ ಸಲ ಪರೀಕ್ಷೆ ಇಲ್ಲದೆ ಅನುಮಾನದ ಮೇಲೆ ಬರೆದ ಔಷಧಿ ಅದು. ಅದನ್ನೆಲ್ಲ ಸೇರಿಸಿ ತೂಗಿದ ಮೇಲೂ ಖಾಸಗಿಯಲ್ಲಿ ಚಿಕಿತ್ಸೆ ಪಡೆದವರು ಸುಮಾರು 22 ಲಕ್ಷ ಇರಬಹುದೆಂದು ಅಧ್ಯಯನ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಭಾರತದ ವಾರ್ಷಿಕ ಅಂದಾಜನ್ನು 22 ಲಕ್ಷದಿಂದ 28 ಲಕ್ಷಕ್ಕೆ ಏರಿಸಿತು. ಶೇ 70 ಎಂಬ ಗೆಲುವು ಗೆಲುವಾಗಿ ಉಳಿಯಲಿಲ್ಲ. ಆದರೂ ಯಾರೂ ಸುಳ್ಳು ಬರೆದಿರಲಿಲ್ಲ. ಭಾಗಿಸಿದ ಸಂಖ್ಯೆಯೇ ಚಿಕ್ಕದಿತ್ತು, ಅಷ್ಟೆ.

ಈ ಭಾಗಿಸುವ ಸಂಖ್ಯೆ ಇವತ್ತಿಗೂ ಅಲುಗಾಡುತ್ತಲೇ ಇದೆ. 2015ರಲ್ಲಿ ಲಕ್ಷಕ್ಕೆ 217 ಹೊಸ ರೋಗಿಗಳು ಎಂದು ಮೊದಲು ಅಂದಾಜಾಗಿತ್ತು. ಈಗಿನ ವರದಿಗಳಲ್ಲಿ ಅದೇ 2015ಕ್ಕೆ 237 ಎಂದಿದೆ. 2024ಕ್ಕೆ 187. ಶೇ 21ರಷ್ಟು ಇಳಿಕೆ ಎಂದು ನಾವು ಓದುತ್ತೇವೆ. ಹಳೆಯ 217ರಿಂದ ಎಣಿಸಿದ್ದರೆ ಶೇ 14. ಹಳೆಯ ಅಂದಾಜನ್ನೂ ಹೊಸ ಅಂದಾಜನ್ನೂ ಹೀಗೆ ಬೆರೆಸಿ ಎಣಿಸುವುದು ಸರಿಯಲ್ಲ, ಅದು ನನಗೂ ಗೊತ್ತು. ಹೊಸ ಮಾಹಿತಿ ಬಂದಾಗ ಇಡೀ ಸಾಲನ್ನೇ ತಿದ್ದುತ್ತಾರೆ, ತಿದ್ದಬೇಕು ಕೂಡ. ಆದರೆ ಹೊರಟ ಜಾಗವೇ ಇಷ್ಟು ಸರಿದಾಡುವಾಗ, ಒಂದೆರಡು ಅಂಶದ ಇಳಿಕೆಗೆ ಬ್ಯಾನರ್ ಕಟ್ಟುವ ಮೊದಲು ತಡೆದು ಯೋಚಿಸಬೇಕು. 2015ಕ್ಕೆ ಹೋಲಿಸಿ ಶೇ 80ರಷ್ಟು ಇಳಿಸುತ್ತೇವೆ, ಅದೂ 2025ರೊಳಗೆ ಎಂಬುದು ದೇಶ ಇಟ್ಟುಕೊಂಡಿದ್ದ ಗುರಿ. ಯಾವ ಲೆಕ್ಕದಲ್ಲಿ ನೋಡಿದರೂ ಅದರ ಹತ್ತಿರಕ್ಕೆ ಬಂದಿಲ್ಲ.

ಸಾವಿನ ಲೆಕ್ಕದಲ್ಲೂ ಹೀಗೇ ಆಯಿತು. 2021ರಲ್ಲಿ 4.94 ಲಕ್ಷ ಸಾವು, 2022ರಲ್ಲಿ 3.31 ಲಕ್ಷ ಎಂದು ದೊಡ್ಡ ಸುದ್ದಿಯಾಯಿತು. ಒಂದೇ ವರ್ಷದಲ್ಲಿ ಒಂದೂವರೆ ಲಕ್ಷ ಸಾವು ತಪ್ಪಿತು ಅಂದುಕೊಂಡರೆ ತಪ್ಪಾಗುತ್ತದೆ. ನಡುವೆ ಅಂದಾಜು ಮಾಡುವ ಮಾಹಿತಿ ಮತ್ತು ವಿಧಾನ ಬದಲಾಗಿತ್ತು.

ಹಾಗಾದರೆ ಪತ್ತೆಯಾದವರ ಸಂಖ್ಯೆಯನ್ನೇ ನೇರವಾಗಿ ನೋಡಬಾರದೇ? 2012ರ ಮೇ ತಿಂಗಳಿಂದ ಪ್ರತಿ ಟಿಬಿ ರೋಗಿಯ ಮಾಹಿತಿಯನ್ನೂ ಸರ್ಕಾರಕ್ಕೆ ಕೊಡುವುದು ಕಡ್ಡಾಯ. ಖಾಸಗಿಯವರಿಗೂ ಕಡ್ಡಾಯ. ನಿಕ್ಷಯ್ ಪೋರ್ಟಲ್‌ನಲ್ಲಿ ಎಲ್ಲ ದಾಖಲಾಗುತ್ತದೆ. 2019ರಲ್ಲಿ 24 ಲಕ್ಷ. 2020ರಲ್ಲಿ 18 ಲಕ್ಷ. 2024ರಲ್ಲಿ 26 ಲಕ್ಷ ದಾಟಿತು. 2020ರಲ್ಲಿ ಟಿಬಿ ಕಡಿಮೆ ಆಗಿತ್ತಾ? ಇಲ್ಲ. ಲಾಕ್‌ಡೌನ್ ಆಗಿತ್ತು, ಜನ ಮನೆಯೊಳಗೆ ಕೆಮ್ಮುತ್ತಿದ್ದರು, ಲ್ಯಾಬ್‌ಗಳು ಕೋವಿಡ್ ನೋಡುತ್ತಿದ್ದವು. ಆ 6 ಲಕ್ಷದ ಕೊರತೆ ರೋಗದ್ದಲ್ಲ, ಪತ್ತೆಯದ್ದು.

ಅದಕ್ಕೇ ಈ ಅಂಕಿಯನ್ನು ಒಂಟಿಯಾಗಿ ಓದಲು ಬರುವುದಿಲ್ಲ. ಸಂಖ್ಯೆ ಏರಿದರೆ ಹುಡುಕಾಟ ಜೋರಾಗಿದೆ ಎಂದೂ ಆಗಬಹುದು, ರೋಗ ಹೆಚ್ಚಿದೆ ಎಂದೂ ಆಗಬಹುದು. ಇಳಿದರೆ ರೋಗ ಇಳಿದಿರಬಹುದು, ಇಲ್ಲವೇ ಹುಡುಕುವುದನ್ನೇ ಬಿಟ್ಟಿರಬಹುದು. ಯಾವುದು ಅಂತ ತಿಳಿಯಲು ಪಕ್ಕದಲ್ಲಿ ಪರೀಕ್ಷೆಯ ಸಂಖ್ಯೆ ಬೇಕು.

ಕ್ಷಯಮುಕ್ತ ಗ್ರಾಮ ಪಂಚಾಯಿತಿ ಯೋಜನೆ ಇದನ್ನು ಮಾಡಲು ಹೊರಟಿತು. 2023ರಲ್ಲಿ ಇಟ್ಟ ಮಾನದಂಡಗಳಲ್ಲಿ ಎರಡು ಮುಖ್ಯ: 1000 ಜನರಿಗೆ ಕನಿಷ್ಠ 30 ಜನರ ಟಿಬಿ ಪರೀಕ್ಷೆ ಆಗಿರಬೇಕು, ಮತ್ತು 1000ಕ್ಕೆ ಒಬ್ಬರಿಗಿಂತ ಹೆಚ್ಚು ರೋಗಿಗಳು ಇರಬಾರದು. ಪಾಸಾದ ಪಂಚಾಯಿತಿಗೆ ಗಾಂಧೀಜಿಯ ಪ್ರತಿಮೆ, ಮೊದಲ ಸಲ ಕಂಚಿನ ಬಣ್ಣದ್ದು. ಉದ್ದೇಶ ಒಳ್ಳೆಯದು. ಪಂಚಾಯಿತಿ ಸದಸ್ಯರು ಟಿಬಿ ಬಗ್ಗೆ ಮಾತಾಡುವಂತಾದದ್ದೇ ದೊಡ್ಡ ವಿಷಯ. ಆದರೆ ಎರಡನೇ ಷರತ್ತು ನನಗೆ ಚಿಂತೆ ಹುಟ್ಟಿಸುತ್ತದೆ. ರೋಗಿ ಸಿಕ್ಕರೆ ಪ್ರತಿಮೆ ಹೋಗುತ್ತದೆ. ಆಗ ಹುಡುಕುವವರ ಕೈ ತಾನಾಗಿಯೇ ಸಡಿಲವಾಗುತ್ತದೆ. ಪರೀಕ್ಷೆಯ ಷರತ್ತು ಇಟ್ಟದ್ದು ಅದನ್ನು ತಡೆಯಲೆಂದೇ. ಆದರೆ ಆ 30 ಪರೀಕ್ಷೆ ಯಾರಿಗೆ?

ಕಫದ ಡಬ್ಬಿಯನ್ನು ಹತ್ತಿರದಿಂದ ನೋಡಿದವರಿಗೆ ಈ ಪ್ರಶ್ನೆ ಅರ್ಥವಾಗುತ್ತದೆ. ಅಗಲ ಬಾಯಿಯ, ತಿರುಪು ಮುಚ್ಚಳದ ಚಿಕ್ಕ ಪ್ಲಾಸ್ಟಿಕ್ ಡಬ್ಬಿ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಉಸಿರನ್ನು ಎರಡು ಮೂರು ಸಲ ಜೋರಾಗಿ ಎಳೆದುಕೊಂಡು, ಎದೆಯಾಳದಿಂದ ಕೆಮ್ಮಿ ಉಗುಳಬೇಕು. ಬಂದದ್ದು ಗಟ್ಟಿಯಾಗಿ, ಹಳದಿಯಾಗಿದ್ದರೆ ಅದು ಕಫ. ತೆಳ್ಳಗೆ ನೀರಿನಂತೆ, ನೊರೆನೊರೆಯಾಗಿದ್ದರೆ ಅದು ಎಂಜಲು. ಎಂಜಲಲ್ಲಿ ಟಿಬಿ ಸಿಗುವುದು ಕಷ್ಟ. ಆಶಾ ಕಾರ್ಯಕರ್ತೆಗೆ ತಿಂಗಳ ಕೊನೆಗೆ ಇನ್ನೂ ಹತ್ತು ಡಬ್ಬಿ ಬೇಕು ಅಂತ ಒತ್ತಡ ಬಂದರೆ, ಕೆಮ್ಮೇ ಇಲ್ಲದವರೂ ಸುಮ್ನೆ ಉಗುಳಿ ಕೊಡುತ್ತಾರೆ. ಪೋರ್ಟಲ್‌ಗೆ ಎರಡೂ ಒಂದೊಂದು ಪರೀಕ್ಷೆ. ನೆಗೆಟಿವ್ ಬಂದರಂತೂ ಎಲ್ಲರಿಗೂ ಸಮಾಧಾನ.

ಇದರ ಜೊತೆ ಅದೃಷ್ಟದ ಪಾಲೂ ಇದೆ. 5000 ಜನರ ಪಂಚಾಯಿತಿಯೊಂದರಲ್ಲಿ ವರ್ಷಕ್ಕೆ ಸರಾಸರಿ 7-8 ರೋಗಿಗಳು ಸಿಗುತ್ತಾರೆ ಎಂದುಕೊಳ್ಳಿ. ಮಿತಿ 5. ಚಿಕ್ಕ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಏರುಪೇರಾಗುವುದು ಸಹಜ. ಲೆಕ್ಕ ಹಾಕಿದರೆ, ಏನೂ ಬದಲಾಗದಿದ್ದರೂ ನಾಲ್ಕು ವರ್ಷಕ್ಕೊಮ್ಮೆ ಈ ಪಂಚಾಯಿತಿ 5 ಅಥವಾ ಅದಕ್ಕಿಂತ ಕಡಿಮೆ ಬಂದು ಕ್ಷಯಮುಕ್ತ ಆಗಿಬಿಡುತ್ತದೆ. ಮರುವರ್ಷ 9 ಜನ ಸಿಕ್ಕಾಗ ಬೈಗುಳ ಬೀಳುವುದು ಯಾರಿಗೆ? ಪ್ರಾಮಾಣಿಕವಾಗಿ ಹುಡುಕಿದವರಿಗೆ. ಪಂಚಾಯಿತಿಗೆ ಬಹುಮಾನ ಕೊಡುವುದಾದರೆ, ರೋಗಿಯನ್ನು ಲಕ್ಷಣ ಶುರುವಾದ ಎಷ್ಟು ದಿನಕ್ಕೆ ಪತ್ತೆ ಮಾಡಿದಿರಿ ಎಂಬುದಕ್ಕೆ ಕೊಡಲಿ. ಬೇಗ ಹುಡುಕಿದವರಿಗೆ ಪ್ರತಿಮೆ ಸಿಗಲಿ.

ಹುಡುಕಿದರೆ ಏನೆಲ್ಲ ಸಿಗುತ್ತದೆ ಎಂಬುದಕ್ಕೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ಸಾಕ್ಷಿ. ಎದೆಯ ಎಕ್ಸ್‌ರೇ ಇಲ್ಲದಿದ್ದರೆ ಪತ್ತೆಯಾದವರಲ್ಲಿ ಶೇ 43ರಷ್ಟು ಜನ ತಪ್ಪಿಹೋಗುತ್ತಿದ್ದರು. ಅವರಿಗೆ ಹೇಳಿಕೊಳ್ಳುವಂಥ ಲಕ್ಷಣ ಇರಲಿಲ್ಲ. ಇನ್ನು ಲಕ್ಷಣ ಇದ್ದ ಜನರಲ್ಲಿ ಶೇ 64ರಷ್ಟು ಮಂದಿ ಎಲ್ಲೂ ತೋರಿಸಿಕೊಂಡಿರಲಿಲ್ಲ. 2024ರ ಡಿಸೆಂಬರ್‌ನಿಂದ ನೂರು ದಿನ ನಡೆದ ಅಭಿಯಾನದಲ್ಲಿ 7.19 ಲಕ್ಷ ರೋಗಿಗಳು ಸಿಕ್ಕರು, ಅವರಲ್ಲಿ 2.85 ಲಕ್ಷ ಜನರಿಗೆ ಲಕ್ಷಣವೇ ಇರಲಿಲ್ಲ. ಎರಡು ವಾರ ಕೆಮ್ಮಿದರೆ ಬನ್ನಿ ಎಂಬ ಗೋಡೆಬರಹ ಇವರನ್ನು ಕರೆತರುವುದಿಲ್ಲ.

ಕರ್ನಾಟಕದಲ್ಲಿ ಇನ್ನೊಂದು ತೊಡಕಿದೆ, ಗುಳೆ. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವನಿಗೆ ಇಲ್ಲಿ ಟಿಬಿ ಪತ್ತೆಯಾಗುತ್ತದೆ. ಎರಡು ತಿಂಗಳು ಮಾತ್ರೆ ತಿಂದು, ಮೈಯಲ್ಲಿ ಕಸುವಿಲ್ಲದೆ ಊರಿಗೆ ಹೋಗುತ್ತಾನೆ. ಹಬ್ಬ ಮುಗಿಸಿ ಬೇರೆ ಸೈಟಿಗೆ ಬರುತ್ತಾನೆ. ಪತ್ತೆ ಒಂದು ಜಿಲ್ಲೆಯ ಖಾತೆಗೆ, ಚಿಕಿತ್ಸೆ ಇನ್ನೊಂದು ಜಿಲ್ಲೆಯ ಖಾತೆಗೆ. ಮಧ್ಯದಲ್ಲಿ ಬಿಟ್ಟರೆ ಅದನ್ನು ತಮ್ಮ ಖಾತೆಗೆ ಹಾಕಿಕೊಳ್ಳಲು ಯಾರಿಗೂ ಇಷ್ಟವಿಲ್ಲ. ಜಿಲ್ಲೆಗಳಿಗೆ ರ‍್ಯಾಂಕ್ ಕೊಡುವಾಗ ಇಂಥ ರೋಗಿ ಎರಡೂ ಕಡೆ ಹೊರೆಯಾಗಿಬಿಡುತ್ತಾನೆ. ಮೊದಲ ದಿನದಿಂದ ಕೊನೆಯ ಮಾತ್ರೆವರೆಗೆ ಒಬ್ಬನೇ ರೋಗಿಯನ್ನು ಹಿಂಬಾಲಿಸಲು ನಿಕ್ಷಯ್‌ನಲ್ಲಿ ಸಾಧ್ಯವಿದೆ. ಹಾಗೆ ಹಿಂಬಾಲಿಸಿದ ಜಿಲ್ಲೆಗೆ ಅಂಕ ಸಿಗಬೇಕು, ಕಳೆಯಬಾರದು.

ಒಳ್ಳೆಯ ಅಳತೆ ಹೇಗಿರುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನಲ್ಲಿ ಒಂದು ಉದಾಹರಣೆ ಇದೆ. 2022ರಲ್ಲಿ ಅಲ್ಲಿ ಟಿಬಿ ಸಾವು ತಪ್ಪಿಸುವ ಒಂದು ಯೋಜನೆ ಶುರು ಮಾಡಿದರು. ರೋಗ ಪತ್ತೆಯಾದ ಕೂಡಲೇ ನರ್ಸ್ ಕೆಲವೇ ವಿಷಯ ನೋಡುತ್ತಾರೆ: ಎತ್ತರಕ್ಕೆ ತಕ್ಕ ತೂಕ ಇದೆಯೇ, ಕಾಲು ಊದಿದೆಯೇ, ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾರೆ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ, ಯಾರ ಆಸರೆಯೂ ಇಲ್ಲದೆ ಎದ್ದು ನಿಲ್ಲುತ್ತಾರೆಯೇ. ಮಿತಿ ಮೀರಿದ್ದರೆ ಮನೆಗೆ ಕಳಿಸುವುದಿಲ್ಲ, ಆಸ್ಪತ್ರೆಗೆ ದಾಖಲಿಸುತ್ತಾರೆ. ಟಿಬಿ ಸಾವುಗಳಲ್ಲಿ ಬಹಳಷ್ಟು ಮೊದಲ ಎರಡು ತಿಂಗಳಲ್ಲೇ ಆಗುತ್ತವೆ. ಈ ಅಳತೆ ವರದಿಗೆ ಅಂತ ಮಾಡಿದ್ದಲ್ಲ. ಎದುರಿಗೆ ಕೂತಿರುವ ಮನುಷ್ಯನಿಗೆ ಅವತ್ತೇ ಏನು ಮಾಡಬೇಕು ಎಂದು ಅದು ಹೇಳುತ್ತದೆ.

ತೂಕದ ಮಾತು ಬಂತಲ್ಲ, ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರ ಕೆಲಸ ಹೇಳಲೇಬೇಕು. ಜಾರ್ಖಂಡ್‌ನಲ್ಲಿ ಟಿಬಿ ರೋಗಿಗಳಿಗೂ ಅವರ ಮನೆಯವರಿಗೂ ಪ್ರತಿ ತಿಂಗಳು ಆಹಾರ ಕೊಟ್ಟು ಏನಾಗುತ್ತದೆ ಅಂತ ನೋಡಿದರು. ಫಲಿತಾಂಶ 2023ರಲ್ಲಿ ಬಂತು. ಮನೆಯವರಿಗೂ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ 39ರಷ್ಟು ಕಡಿಮೆಯಾಯಿತು. ಮೊದಲ ಎರಡು ತಿಂಗಳಲ್ಲಿ ಶೇ 5ರಷ್ಟು ತೂಕ ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ ಇತ್ತು.

40 ಕಿಲೋ ಇರುವ ಮನುಷ್ಯನಿಗೆ ಶೇ 5 ಎಂದರೆ ಎರಡು ಕಿಲೋ. ತಕ್ಕಡಿ ಪ್ರತಿ ಪಿಎಚ್‌ಸಿಯಲ್ಲೂ ಇದೆ. ಟಿಬಿ ಕಾರ್ಡಿನಲ್ಲಿ ತೂಕ ಬರೆಯುವ ಜಾಗವೂ ಇದೆ. ಪೌಷ್ಟಿಕ ಆಹಾರಕ್ಕೆ ಅಂತ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ರೋಗಿಯ ಖಾತೆಗೆ ಹಾಕುತ್ತಾರೆ. ಅದರಲ್ಲಿ ನಾವು ಎಣಿಸುವುದು ಎಷ್ಟು ಜನರಿಗೆ ಹಣ ಹೋಯಿತು ಎಂಬುದನ್ನು. ಎರಡು ತಿಂಗಳಲ್ಲಿ ಎಷ್ಟು ಜನ ಎರಡು ಕಿಲೋ ಏರಿದರು ಎಂಬುದನ್ನು ಎಣಿಸಿದರೆ, ಹಣ ಹೊತ್ತಿಗೆ ಸರಿಯಾಗಿ ತಲುಪಿತೇ, ಊಟ ಆಯಿತೇ, ಔಷಧಿ ಕೆಲಸ ಮಾಡುತ್ತಿದೆಯೇ ಎಂಬ ಮೂರಕ್ಕೂ ಒಂದೇ ಸಲ ಸುಳಿವು ಸಿಗುತ್ತದೆ.

ಕೊನೆಯ ಮೆಟ್ಟಿಲು ಉಳಿಯಿತು, ಆ 12.2 ಲಕ್ಷದಿಂದ 10.5 ಲಕ್ಷಕ್ಕೆ ಇಳಿದದ್ದು. ಚಿಕಿತ್ಸೆ ಮುಗಿಸಿದ್ದಾರೆ ಅಂತ ಬರೆಸಿಕೊಂಡ ಮೇಲೂ ರೋಗ ಮರುಕಳಿಸಿದವರು, ತೀರಿಕೊಂಡವರು ಇವರು. ಚಿಕಿತ್ಸೆ ಮುಗಿದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ರೋಗಿಯನ್ನು ನೋಡಬೇಕು ಅಂತ ಕಾರ್ಯಕ್ರಮದ ಮಾರ್ಗಸೂಚಿಯಲ್ಲೇ ಇದೆ. 6, 12, 18, 24ನೇ ತಿಂಗಳು. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಟಿಬಿ ವಿಷಯ ಬಂದಾಗ ಆ ನಾಲ್ಕು ಭೇಟಿಗಳನ್ನು ಕೇಳಿ. ಹೋದ ವರ್ಷ ಚಿಕಿತ್ಸೆ ಮುಗಿಸಿದ ನಮ್ಮೂರಿನವರಲ್ಲಿ 12ನೇ ತಿಂಗಳು ಎಷ್ಟು ಜನರನ್ನು ಹೋಗಿ ನೋಡಿದಿರಿ, ಅವರ ತೂಕ ಎಷ್ಟಿತ್ತು ಅಂತ. ಹೆಸರು ಹೇಳುವುದು ಬೇಡ, ಸಂಖ್ಯೆ ಸಾಕು.